ಬ್ರೂಸ್ ಬೋಚಿ ವಿದಾಯ: ಮೂರು ವರ್ಲ್ಡ್ ಸೀರೀಸ್ ಗೆದ್ದರು, ಆದರೂ ಲೆಕ್ಕದಲ್ಲಿ ಸೋಲೇ ಜಾಸ್ತಿ. ನೀವೇನಂತೀರಿ?

ಕಿಂಗ್‌ಸ್ಟ್ರೀಟ್_ಕನ್ನಡಿಗ · 30 ಸೆಪ್ಟೆಂಬರ್ 2019

ಎಲ್ಲರಿಗೂ ನಮಸ್ಕಾರ. ನಿನ್ನೆ ಓರೇಕಲ್ ಪಾರ್ಕ್‌ನಲ್ಲಿ, ನಮ್ಮ ಬೇಸ್‌ಬಾಲ್ ಟೀಮ್ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ನ ಮ್ಯಾನೇಜರ್ ಆಗಿ ಬೋಚಿ ಅವರ ಕೊನೆಯ ಪಂದ್ಯ ಮುಗಿಯಿತು. ಡಾಡ್ಜರ್ಸ್ ಕೈಲಿ 9-0 ಸೋಲು. ಬೇರೆ ದಿನ ಆಗಿದ್ದರೆ ಒಂಬತ್ತರಲ್ಲಿ ಏಳನೇ ಇನಿಂಗ್ಸ್‌ಗೇ ಜನ ಕ್ಯಾಲ್‌ಟ್ರೈನ್ ಹಿಡಿಯೋಕೆ ಎದ್ದು ಹೋಗುತ್ತಿದ್ದರು. ನಿನ್ನೆ ನನ್ನ ಸುತ್ತಮುತ್ತ ಯಾರೂ ಕದಲಲಿಲ್ಲ. ಆಟ ಮುಗಿದ ಮೇಲೆ ಹಳೇ ಆಟಗಾರರೆಲ್ಲ ಮೈದಾನಕ್ಕೆ ಬಂದರು. ಬರುತ್ತಾನೆ ಅಂತ ಯಾರೂ ಎಣಿಸಿರದ ಟಿಮ್ ಲಿನ್ಸೆಕಮ್ ಕೂಡ ಬಂದ. ಆಗ ಎದ್ದ ಕೂಗು ಇನ್ನೂ ಕಿವಿಯಲ್ಲಿದೆ.

ಈಗ ವಿಷಯಕ್ಕೆ ಬರುತ್ತೇನೆ. ಸ್ಯಾನ್ ಡಿಯೇಗೋ ಪಡ್ರೇಸ್ ಜೊತೆ 12 ವರ್ಷ, ನಮ್ಮ ಜೈಂಟ್ಸ್ ಜೊತೆ 13 ವರ್ಷ. ಒಟ್ಟು ಗೆಲುವು 2003, ಸೋಲು 2029. ಜೈಂಟ್ಸ್ ಲೆಕ್ಕ ಮಾತ್ರ ತಗೊಂಡರೂ 1052 ಗೆಲುವು, 1054 ಸೋಲು. ಆಫೀಸಿನಲ್ಲಿ ಒಬ್ಬರು ಹೇಳಿದರು, "ಪೋಸಿ, ಬಮ್‌ಗಾರ್ನರ್ ಅಂಥ ಆಟಗಾರರು ಸಿಕ್ಕಿದರು, ಅದಕ್ಕೇ ಕಪ್ ಬಂತು, ಇವರೇನು ಮಾಡಿದರು?" ಅಂತ. ನನಗೆ ಮೈ ಉರಿಯಿತು. 2010, 2012, 2014, ಐದು ವರ್ಷದಲ್ಲಿ ಮೂರು ಸಲ ವರ್ಲ್ಡ್ ಸೀರೀಸ್ (ವರ್ಷದ ಫೈನಲ್ ಸರಣಿ) ಗೆಲ್ಲೋದು ಅದೃಷ್ಟವಾ? ನೀವು ಹೇಳಿ. ಬೋಚಿ ನಿಜವಾಗಿ ಮಾಡಿದ್ದೇನು?

ಮಂಡ್ಯದ_ಮಗ · 30 ಸೆಪ್ಟೆಂಬರ್

ಪ್ರಶ್ನೇನೇ ಬೇಡ ಗುರು. ಜೈಂಟ್ಸ್ 1958ರಲ್ಲಿ ನ್ಯೂಯಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ಮೇಲೆ 2010ರವರೆಗೆ ಒಂದು ಕಪ್ ಇರಲಿಲ್ಲ. ಒಂದೇ ಒಂದು. ಅಷ್ಟು ಸಾಕು.

ಬಸವನಗುಡಿ_ಬೌಲರ್ · 30 ಸೆಪ್ಟೆಂಬರ್

ನಾನು ಬೆಂಗಳೂರಿಂದ ಓದುತ್ತಿದ್ದೇನೆ. ಅಕ್ಕ ಕ್ಯುಪರ್ಟಿನೋದಲ್ಲಿದ್ದಾಳೆ, ಹೋದಾಗ ಆಟ ತೋರಿಸಿದ್ದಳು. ಒಂದು ಅನುಮಾನ. ಮ್ಯಾನೇಜರ್ ಅಂದರೆ ನಮ್ಮ ಕೋಚ್ ತರಾನಾ, ಕ್ಯಾಪ್ಟನ್ ತರಾನಾ? 64 ವರ್ಷದ ಮನುಷ್ಯ ಆಟಗಾರರ ಹಾಗೇ ಯೂನಿಫಾರ್ಮ್ ಹಾಕಿಕೊಂಡು ಕೂತಿರುತ್ತಾರಲ್ಲ, ಯಾಕೆ?

ಕರಾವಳಿ_ಕ್ಯಾಚರ್ · 30 ಸೆಪ್ಟೆಂಬರ್

@ಬಸವನಗುಡಿ_ಬೌಲರ್ ಯೂನಿಫಾರ್ಮ್ ಹಳೇ ಸಂಪ್ರದಾಯ. ಹಿಂದೆ ಆಡುತ್ತಲೇ ಮ್ಯಾನೇಜರ್ ಆಗಿದ್ದವರು ಬೇಕಾದಷ್ಟು ಜನ ಇದ್ದರು, ಅದು ಹಾಗೇ ಉಳಿದುಕೊಂಡಿದೆ.

ಕೆಲಸದ ಬಗ್ಗೆ ಹೇಳೋದಾದರೆ, ಕ್ರಿಕೆಟ್‌ನಲ್ಲಿ ಬೌಲಿಂಗ್ ಬದಲಾವಣೆ ಮಾಡೋದು ಕ್ಯಾಪ್ಟನ್, ಮೈದಾನದಲ್ಲಿ ನಿಂತುಕೊಂಡು. ಇಲ್ಲಿ ಅದು ಮ್ಯಾನೇಜರ್ ಕೈಲಿದೆ. ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ನಮ್ಮಲ್ಲಿ ಬೌಲರ್‌ಗೆ ಎರಡು ಓವರ್ ಕೊಟ್ಟು, ನಿಲ್ಲಿಸಿ, ಕೊನೆಗೆ ಮತ್ತೆ ಕರೆಯಬಹುದು. ಬೇಸ್‌ಬಾಲ್‌ನಲ್ಲಿ ಒಮ್ಮೆ ಹೊರಗೆ ತೆಗೆದ ಆಟಗಾರ ಆ ದಿನ ಮತ್ತೆ ಒಳಗೆ ಬರುವಂತಿಲ್ಲ. ಪಿಚರ್‌ನ (ಚೆಂಡು ಎಸೆಯುವವನನ್ನು) ಬೇಗ ತೆಗೆದರೆ ಕೊನೆಗೆ ಕೈ ಬರಿದು. ತಡ ಮಾಡಿದರೆ ಆಟವೇ ಹೋಯಿತು. ಈ 2019ರಲ್ಲೂ ನಮ್ಮ ನ್ಯಾಷನಲ್ ಲೀಗ್‌ನಲ್ಲಿ ಪಿಚರ್ ಬ್ಯಾಟಿಂಗೂ ಮಾಡಬೇಕು, ಆ ತಲೆನೋವು ಬೇರೆ.

ಬೋಚಿ ಇದರಲ್ಲಿ ಪಳಗಿದವರು. ಸ್ವತಃ ಕ್ಯಾಚರ್, ನಮ್ಮ ವಿಕೆಟ್ ಕೀಪರ್ ಥರ. ಆಸ್ಟ್ರೋಸ್, ಮೆಟ್ಸ್, ಪಡ್ರೇಸ್ ಮೂರೂ ಕಡೆ ಹೆಚ್ಚಾಗಿ ಎರಡನೇ ಕ್ಯಾಚರ್ ಆಗಿ ಬೆಂಚಿನ ಮೇಲೇ ಕಾಲ ಕಳೆದವರು. ಬೆಂಚಿನ ಮೇಲೆ ಕೂತವನು ಆಟವನ್ನು ಎಷ್ಟು ನೋಡುತ್ತಾನೆ ಅಂತ ಬೆಂಚಿನ ಮೇಲೆ ಕೂತವರಿಗೇ ಗೊತ್ತು.

ಡಾಡ್ಜರ್ಸ್_ನಾಡು · 30 ಸೆಪ್ಟೆಂಬರ್

ಲಾಸ್ ಏಂಜಲಿಸ್‌ನಿಂದ ಬರೆಯುತ್ತಿದ್ದೇನೆ, ಬೈಯಬೇಡಿ. ಬೋಚಿ ಬಗ್ಗೆ ಗೌರವ ಇದೆ. ಆದರೆ ನೇರವಾಗಿ ಹೇಳುತ್ತೇನೆ, 2010, 2012, 2014 ಮೂರೂ ಬಮ್‌ಗಾರ್ನರ್ ಒಬ್ಬನ ಕೈಯಿಂದ ಬಂದದ್ದು. ಅಂಥ ಪಿಚರ್ ಇದ್ದರೆ ಡಗ್‌ಔಟ್‌ನಲ್ಲಿ ಯಾರು ಕೂತರೂ ಗೆಲ್ಲುತ್ತಾರೆ. 2017ರಲ್ಲಿ 64-98 (64 ಗೆಲುವು, 98 ಸೋಲು) ಮಾಡಿದ್ದೂ ಇದೇ ಬೋಚಿ ಅಲ್ವಾ?

ಅಂಕಿ_ಲೆಕ್ಕ · 30 ಸೆಪ್ಟೆಂಬರ್

@ಡಾಡ್ಜರ್ಸ್_ನಾಡು 2014 ಬಮ್‌ಗಾರ್ನರ್‌ದು, ಒಪ್ಪಿದೆ. ಉಳಿದೆರಡು ಹಾಗಲ್ಲ ಸಾರ್. 2010ರಲ್ಲಿ ಅವನು 21 ವರ್ಷದ ಹುಡುಗ, ವರ್ಲ್ಡ್ ಸೀರೀಸ್‌ನಲ್ಲಿ ನಾಲ್ಕನೇ ಪಂದ್ಯ ಮಾತ್ರ ಆಡಿದ. ಆ ವರ್ಷ ಮುಂದೆ ನಿಂತವರು ಲಿನ್ಸೆಕಮ್ ಮತ್ತು ಮ್ಯಾಟ್ ಕೇನ್.

2012 ಅಂತೂ ಪೂರ್ತಿ ಬೇರೆ ಕತೆ. ಪ್ಲೇಆಫ್‌ನಲ್ಲಿ ತಾನು ಆಡಿದ ಮೊದಲ ಎರಡು ಪಂದ್ಯವೂ ಬಮ್‌ಗಾರ್ನರ್ ಸೋತ. ಬೋಚಿ ಅವನನ್ನು ಕೂರಿಸಿದರು. ಅದೇ ಹುಡುಗನಿಗೆ ವರ್ಲ್ಡ್ ಸೀರೀಸ್ ಎರಡನೇ ಪಂದ್ಯದಲ್ಲಿ ಮತ್ತೆ ಚೆಂಡು ಕೊಟ್ಟರು. ಏಳು ಇನಿಂಗ್ಸ್, ಒಂದು ರನ್ ಕೊಡಲಿಲ್ಲ. ಡೆಟ್ರಾಯಿಟ್ ವಿರುದ್ಧ 2-0 ಗೆಲುವು. ಯಾವಾಗ ಕೂರಿಸಬೇಕು, ಯಾವಾಗ ಎಬ್ಬಿಸಬೇಕು ಅನ್ನೋದೇ ಮ್ಯಾನೇಜರ್ ಕೆಲಸ.

ಕಿಂಗ್‌ಸ್ಟ್ರೀಟ್_ಕನ್ನಡಿಗ · 30 ಸೆಪ್ಟೆಂಬರ್

ಹಾಗೆ ಹೇಳಿ ಸಾರ್!! ಆಫೀಸಿಗೆ ಇದನ್ನೇ ಪ್ರಿಂಟ್ ತೆಗೆದುಕೊಂಡು ಹೋಗುತ್ತೇನೆ.

ಹಳೇ_ಪಡ್ರೇ · 1 ಅಕ್ಟೋಬರ್ 2019

ಸ್ಯಾನ್ ಡಿಯೇಗೋದವರ ಮಾತೂ ಸ್ವಲ್ಪ ಕೇಳಿ. ಎಲ್ಲರೂ 2007ರಿಂದ ಕತೆ ಶುರು ಮಾಡುತ್ತೀರಿ. ಬೋಚಿ ಮ್ಯಾನೇಜರ್ ಆದದ್ದು 1995ರಲ್ಲಿ, ನಮ್ಮ ಊರಲ್ಲಿ. 1996ರಲ್ಲೇ ನ್ಯಾಷನಲ್ ಲೀಗ್‌ನ ವರ್ಷದ ಮ್ಯಾನೇಜರ್ ಪ್ರಶಸ್ತಿ. 1998ರಲ್ಲಿ ಟೋನಿ ಗ್ವಿನ್, ಟ್ರೆವರ್ ಹಾಫ್‌ಮನ್, ಕೆವಿನ್ ಬ್ರೌನ್ ಇದ್ದ ಟೀಮನ್ನು ವರ್ಲ್ಡ್ ಸೀರೀಸ್‌ಗೆ ಕರೆದುಕೊಂಡು ಹೋದರು. ಎದುರಿಗಿದ್ದದ್ದು ಆ ವರ್ಷ 114 ಪಂದ್ಯ ಗೆದ್ದ ಯಾಂಕೀಸ್. ನಾಲ್ಕೂ ಸೋತೆವು.

ಅದಾದ ಮೇಲೆ ಏನಾಯಿತು? ಕೆವಿನ್ ಬ್ರೌನ್ ಹೋದ, ಸ್ಟೀವ್ ಫಿನ್ಲಿ ಹೋದ, ಕೆನ್ ಕ್ಯಾಮಿನಿಟಿ ಹೋದ. ಟೀಮ್ ಖರ್ಚು ಕಡಿಮೆ ಮಾಡಿತು. ಮುಂದಿನ ಐದು ವರ್ಷ ಸತತ ಸೋಲು. ಆ ಸೋಲೆಲ್ಲ ಬೋಚಿ ಹೆಸರಿನ ಮುಂದೆ ಬರೆದಿದೆ. ಪಡ್ರೇಸ್ ಲೆಕ್ಕ 951-975. ಕೈಗೆ ಸಾಮಾನು ಕೊಡದೆ ಅಡುಗೆ ಕೆಟ್ಟಿತು ಅಂದರೆ ಹೇಗೆ? 2005, 2006ರಲ್ಲಿ ಟೀಮ್ ಸ್ವಲ್ಪ ಚೇತರಿಸಿಕೊಂಡ ಕೂಡಲೇ ಎರಡು ವರ್ಷವೂ ಡಿವಿಷನ್ ಗೆದ್ದುಕೊಟ್ಟರು. ಆ ಬೆನ್ನಿಗೇ, ಒಪ್ಪಂದದಲ್ಲಿ ಇನ್ನೂ ಒಂದು ವರ್ಷ ಇರುವಾಗ, ನಮ್ಮವರು ಅವರನ್ನು ಪಕ್ಕದ ವೈರಿ ಟೀಮಿಗೆ ಮಾತಾಡಿಕೊಳ್ಳಿ ಅಂತ ಬಿಟ್ಟುಬಿಟ್ಟರು. ನೀವು ಮೂರು ಕಪ್ ಎತ್ತಿದಿರಿ. ನಾವು ಇನ್ನೂ ಒಂದಕ್ಕೆ ಕಾಯುತ್ತಿದ್ದೇವೆ.

ಮಂಡ್ಯದ_ಮಗ · 1 ಅಕ್ಟೋಬರ್

@ಹಳೇ_ಪಡ್ರೇ ಅಣ್ಣ, ನಿಮ್ಮ ಹೊಟ್ಟೆಯುರಿ ಅರ್ಥ ಆಗುತ್ತೆ. ಥ್ಯಾಂಕ್ಸ್ ಅಂತೂ ಹೇಳಲೇಬೇಕು.

ಓಕ್ಲೆಂಡ್_ಹಸಿರು · 1 ಅಕ್ಟೋಬರ್

ನಾನು ಓಕ್ಲೆಂಡ್‌ನ ಏಸ್ ಟೀಮಿನ ಅಭಿಮಾನಿ, ಸೇತುವೆಯ ಈ ಕಡೆಯವನು. ನಮ್ಮ ಬ್ಯಾರಿ ಜಿಟೋ ಹೆಸರು ಯಾರೂ ತೆಗೆಯಲಿಲ್ಲ ಯಾಕೆ? ಬೋಚಿ ಎಂಥವರು ಅಂತ ತಿಳಿಯೋಕೆ ಅವನ ಕತೆ ಒಂದೇ ಸಾಕು.

ಜೈಂಟ್ಸ್ ಅವನಿಗೆ 7 ವರ್ಷಕ್ಕೆ 12.6 ಕೋಟಿ ಡಾಲರ್ ಕೊಟ್ಟು ಕರೆದುಕೊಂಡು ಹೋದರು. ಅಲ್ಲಿ ಅವನ ಆಟ ಕುಸಿಯಿತು. 2010ರ ಪ್ಲೇಆಫ್‌ಗೆ 25 ಜನರ ಪಟ್ಟಿ ಮಾಡುವಾಗ ಬೋಚಿ ಅವನ ಹೆಸರೇ ಬಿಟ್ಟರು. ಅಷ್ಟು ದುಡ್ಡು ಕೊಟ್ಟ ಆಟಗಾರನನ್ನು ಹೊರಗೆ ಕೂರಿಸೋಕೆ ಎಷ್ಟು ಧೈರ್ಯ ಬೇಕು ಯೋಚಿಸಿ. ಜಿಟೋ ಮುಖ ಸಿಂಡರಿಸಲಿಲ್ಲ, ಪತ್ರಿಕೆಯವರ ಮುಂದೆ ದೂರು ಹೇಳಲಿಲ್ಲ.

ಎರಡು ವರ್ಷ ಬಿಟ್ಟು ನೋಡಿ. 2012, ಸೇಂಟ್ ಲೂಯಿಸ್, ಐದನೇ ಪಂದ್ಯ. ಸರಣಿಯಲ್ಲಿ ಕಾರ್ಡಿನಲ್ಸ್ 3-1 ಮುಂದೆ. ಸೋತರೆ ಮನೆಗೆ. ಆ ದಿನ ಚೆಂಡು ಕೊಟ್ಟದ್ದು ಜಿಟೋ ಕೈಗೆ. ಅವನ ಫಾಸ್ಟ್‌ಬಾಲ್ ಆಗ ಗಂಟೆಗೆ 85 ಮೈಲಿ ದಾಟಿದರೆ ಹೆಚ್ಚು. ಎಂಟನೇ ಇನಿಂಗ್ಸ್‌ವರೆಗೆ ಹಾಕಿದ, ಒಂದು ರನ್ ಕೊಡಲಿಲ್ಲ. ಮೇಲಿಂದ ಬಂಟ್ ಮಾಡಿ (ಬ್ಯಾಟಿಗೆ ಮೆಲ್ಲಗೆ ತಾಗಿಸಿ) ಓಡಿ ಒಂದು ರನ್ ಬೇರೆ ತಂದ! 5-0. ಅಲ್ಲಿಂದ ಜೈಂಟ್ಸ್ ಹಿಂತಿರುಗಿ ನೋಡಲಿಲ್ಲ. ನಾನು ಜೈಂಟ್ಸ್ ಅಭಿಮಾನಿ ಅಲ್ಲ, ಆದರೂ ಆ ರಾತ್ರಿ ಟಿವಿ ಮುಂದೆ ಎದ್ದು ನಿಂತಿದ್ದೆ.

ಪದ್ಮಾ_ಫ್ರೀಮಾಂಟ್ · 1 ಅಕ್ಟೋಬರ್

ಜಿಟೋ ಪಂದ್ಯ ನೆನಪಿಸಿ ಕಣ್ಣಲ್ಲಿ ನೀರು ತರಿಸಿದಿರಿ.

ನನ್ನ ಅನುಭವ ಹೇಳುತ್ತೇನೆ. 2012ರಲ್ಲಿ ನಮ್ಮತ್ತೆ ಊರಿಂದ ಬಂದಿದ್ದರು. ಮಗಳು ಕೈಗೂಸು, ಇಬ್ಬರೂ ಮನೆಯಲ್ಲೇ. ಅವರಿಗೆ ಟಿವಿಯಲ್ಲಿ ನೋಡೋಕೆ ಏನೂ ಇರಲಿಲ್ಲ, ನನ್ನ ಜೊತೆ ಬೇಸ್‌ಬಾಲ್ ನೋಡೋಕೆ ಕೂತರು. ಮೊದಲು "ಇದೇನೇ, ಬರೀ ಉಗುಳೋದು, ನಿಂತ್ಕೊಳ್ಳೋದು" ಅನ್ನುತ್ತಿದ್ದರು. ಆಮೇಲೆ ಬೋಚಿ ಅವರನ್ನು ಹಿಡಿದುಕೊಂಡರು. "ಆ ದಪ್ಪ ತಲೆ ಯಜಮಾನರು ಎದ್ದರು ನೋಡು, ಈಗ ಏನೋ ಆಗುತ್ತೆ" ಅನ್ನೋರು. ಬೋಚಿ ಡಗ್‌ಔಟ್ ಮೆಟ್ಟಿಲು ಹತ್ತಿ, ಮಂಡಿ ನೋವಿನ ಕಾಲು ಎಳೆದುಕೊಂಡು ನಿಧಾನಕ್ಕೆ ಪಿಚರ್ ನಿಲ್ಲುವ ಮೌಂಡ್‌ಗೆ ನಡೆಯೋರು. ದಾರಿಯಲ್ಲೇ ಎಡಗೈ ತಟ್ಟಿದರೆ ಎಡಗೈ ಪಿಚರ್ ಬೇಕು ಅಂತ, ಬಲಗೈ ತಟ್ಟಿದರೆ ಬಲಗೈಯವನು. ನಮ್ಮತ್ತೆ ಸೋಫಾದಲ್ಲಿ ಕೂತು ಅವರಿಗಿಂತ ಮುಂಚೆ ತಮ್ಮ ಕೈ ತಟ್ಟೋರು! ಹೆಚ್ಚಿನ ಸಲ ಸರಿಯಾಗಿರುತ್ತಿತ್ತು. ಹೇಗೆ ಗೊತ್ತಾಗುತ್ತೆ ಅತ್ತೆ ಅಂದರೆ, "ಬರೋ ಬ್ಯಾಟ್ಸ್‌ಮನ್ ಯಾವ ಕೈ ಅಂತ ನೋಡು, ಅವರು ಅದನ್ನೇ ನೋಡ್ತಾರೆ" ಅಂದರು. ನಾಲ್ಕು ವಾರದಲ್ಲಿ ಅವರಿಗೆ ಬುಲ್‌ಪೆನ್ (ನಡುವೆ ಬರುವ ಬದಲಿ ಪಿಚರ್‌ಗಳ) ವಿದ್ಯೆ ಬಂದಿತ್ತು.

ಕೊನೆಯ ಪಂದ್ಯದಲ್ಲಿ, ಡೆಟ್ರಾಯಿಟ್‌ನಲ್ಲಿ, ಹತ್ತನೇ ಇನಿಂಗ್ಸ್. ಸರ್ಜಿಯೋ ರೋಮೋ ಎದುರು ಮಿಗೆಲ್ ಕಬ್ರೇರಾ, ಆ ವರ್ಷದ ಟ್ರಿಪಲ್ ಕ್ರೌನ್ (ಬ್ಯಾಟಿಂಗ್‌ನ ಮೂರು ಮುಖ್ಯ ಪಟ್ಟಿಯಲ್ಲೂ ಮೊದಲು ಬಂದ) ಬ್ಯಾಟ್ಸ್‌ಮನ್. ಎಲ್ಲರೂ ಪಕ್ಕಕ್ಕೆ ತಿರುಗುವ ಸ್ಲೈಡರ್ ಕಾಯುತ್ತಿದ್ದರು. ರೋಮೋ ನೇರ ಫಾಸ್ಟ್‌ಬಾಲ್ ಹಾಕಿದ, ಕಬ್ರೇರಾ ನೋಡುತ್ತಾ ನಿಂತುಬಿಟ್ಟ. ನಮ್ಮತ್ತೆ ಕೂಗಿದ್ದಕ್ಕೆ ಮಲಗಿದ್ದ ಮಗು ಎದ್ದು ಅಳೋಕೆ ಶುರು ಮಾಡಿತು.

ಬಸವನಗುಡಿ_ಬೌಲರ್ · 1 ಅಕ್ಟೋಬರ್

ಪದ್ಮಾ ಅಕ್ಕ, ನಿಮ್ಮತ್ತೆಯವರನ್ನು ಚಿನ್ನಸ್ವಾಮಿಗೆ ಕಳಿಸಿ ದಯವಿಟ್ಟು. ನಮಗೆ ಡೆತ್ ಓವರ್‌ನಲ್ಲಿ ಯಾರಿಗೆ ಚೆಂಡು ಕೊಡಬೇಕು ಅಂತ ಹೇಳೋರು ಬೇಕಾಗಿದ್ದಾರೆ.

ಸಾಗರದ_ಸ್ಲೈಡರ್ · 1 ಅಕ್ಟೋಬರ್

ಬುಲ್‌ಪೆನ್ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನನ್ನ ಪ್ರಕಾರ ಬೋಚಿ ಬಿಟ್ಟುಹೋಗುವ ದೊಡ್ಡ ಆಸ್ತಿ ಅದೇ. ಜೆರೆಮಿ ಆಫೆಲ್ಟ್, ಹಾವಿಯರ್ ಲೋಪೆಜ್, ಸರ್ಜಿಯೋ ರೋಮೋ, ಸ್ಯಾಂಟಿಯಾಗೋ ಕಸಿಯಾ. ಈ ನಾಲ್ಕೂ ಜನ ಮೂರೂ ಕಪ್‌ನಲ್ಲಿ ಇದ್ದರು. ಒಬ್ಬರೂ ದೊಡ್ಡ ಸಂಬಳದ ತಾರೆ ಅಲ್ಲ. ಲೋಪೆಜ್‌ನ 2010ರ ಜುಲೈ ಕೊನೆಯಲ್ಲಿ ಪೈರೇಟ್ಸ್‌ನಿಂದ ತಂದದ್ದು. ಎಡಗೈ, ಪಕ್ಕದಿಂದ ಬೀಸಿ ಎಸೆಯುವವನು. ಆ ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾದ ಚೇಸ್ ಅಟ್ಲಿ, ರಯಾನ್ ಹೊವರ್ಡ್ ಇಬ್ಬರನ್ನೂ ಕಟ್ಟಿಹಾಕಿದ.

ಬೋಚಿ ಇವರನ್ನು ಬಳಸಿದ ರೀತಿ ನೋಡಿ. ಒಬ್ಬ ಬ್ಯಾಟ್ಸ್‌ಮನ್‌ಗೆ ಒಬ್ಬ, ಸಾಕು, ತೆಗಿ. ಮುಂದಿನ ಬ್ಯಾಟ್ಸ್‌ಮನ್‌ಗೆ ಇನ್ನೊಬ್ಬ. ಯಾರು ಸುಸ್ತಾಗಿದ್ದಾರೆ, ಯಾರ ಕೈ ಇವತ್ತು ಚೆನ್ನಾಗಿದೆ ಅಂತ ಅವರಿಗೆ ಕಣ್ಣಲ್ಲೇ ತಿಳಿಯುತ್ತಿತ್ತು. ಎರಡು ಸಲ ಸೈ ಯಂಗ್ (ವರ್ಷದ ಅತ್ಯುತ್ತಮ ಪಿಚರ್) ಪ್ರಶಸ್ತಿ ಗೆದ್ದ ಲಿನ್ಸೆಕಮ್‌ನ 2012ರಲ್ಲಿ ಬುಲ್‌ಪೆನ್‌ಗೆ ಕಳಿಸಿದರು. ಬೇರೆ ಮ್ಯಾನೇಜರ್ ಹಾಗೆ ಮಾಡಿದ್ದರೆ ರಂಪ ಆಗುತ್ತಿತ್ತು. ಲಿನ್ಸೆಕಮ್ ಮಾತಿಲ್ಲದೆ ಹೋಗಿ ಅದ್ಭುತವಾಗಿ ಎಸೆದ. ನಿನ್ನೆ ಮೊನ್ನೆ ಅವನು ಆ ಹಳೇ ಯಜಮಾನನಿಗೋಸ್ಕರ ಬಂದು ನಿಂತನಲ್ಲ, ಕಾರಣ ಇಲ್ಲಿದೆ.

ಡಾಡ್ಜರ್ಸ್_ನಾಡು · 2 ಅಕ್ಟೋಬರ್ 2019

ಬುಲ್‌ಪೆನ್ ಮಾಂತ್ರಿಕ ಅಂತೀರಲ್ಲ, 2016 ಯಾಕೆ ಯಾರೂ ಹೇಳುತ್ತಿಲ್ಲ? ಕಬ್ಸ್ ವಿರುದ್ಧ ನಾಲ್ಕನೇ ಪಂದ್ಯ. ಮ್ಯಾಟ್ ಮೂರ್ ಎಂಟು ಇನಿಂಗ್ಸ್ ಚೆನ್ನಾಗಿ ಎಸೆದಿದ್ದ. 5-2 ಮುಂದೆ. ಒಂಬತ್ತನೇ ಇನಿಂಗ್ಸ್‌ಗೆ ಬೋಚಿ ಅವನನ್ನು ತೆಗೆದರು. ಐದು ಪಿಚರ್ ಬಂದರು, ನಾಲ್ಕು ರನ್ ಹೋಯಿತು, 6-5 ಸೋಲು, ಸೀಸನ್ ಮುಗಿಯಿತು. ಇದೂ ಅವರ ಖಾತೆಗೇ ಅಲ್ವಾ?

ಸಾಗರದ_ಸ್ಲೈಡರ್ · 2 ಅಕ್ಟೋಬರ್

ಅವರ ಖಾತೆಗೇ. ಯಾರು ಇಲ್ಲ ಅಂದರು? ಆದರೆ ಮೂರ್ ಆಗಲೇ 120 ಚೆಂಡು ಎಸೆದಿದ್ದ. ಲೋಪೆಜ್, ರೋಮೋ ಇನ್ನೂ ಇದ್ದರು, ಆದರೆ ವಯಸ್ಸಾಗಿತ್ತು. ಆಫೆಲ್ಟ್ ಹಿಂದಿನ ವರ್ಷವೇ ನಿವೃತ್ತಿ. ಆ ಸೀಸನ್ ಪೂರ್ತಿ ಒಂಬತ್ತನೇ ಇನಿಂಗ್ಸ್ ಕೈಕೊಡುತ್ತಲೇ ಇತ್ತು. ಕೊನೆಯ ಇನಿಂಗ್ಸ್ ಮುಗಿಸಿಕೊಡುವ ನಂಬಿಕಸ್ತ ಕ್ಲೋಸರ್ ಒಬ್ಬನನ್ನು ತರಲೇ ಇಲ್ಲ.

ಅಂಕಿ_ಲೆಕ್ಕ · 2 ಅಕ್ಟೋಬರ್

ನಾನು ಇಲ್ಲಿ ಡಾಡ್ಜರ್ಸ್‌ನವರ ಪರ. ಮೂರ್ ಇನ್ನೊಬ್ಬ ಬ್ಯಾಟ್ಸ್‌ಮನ್‌ಗೆ ಎಸೆಯಬಹುದಿತ್ತು. ಐದು ಜನರನ್ನು ಒಂದೇ ಇನಿಂಗ್ಸ್‌ನಲ್ಲಿ ಬದಲಾಯಿಸಿದ್ದು ಗಾಬರಿಯ ಲಕ್ಷಣ. ಬೋಚಿ ಗಾಬರಿಯಾದದ್ದು ನಾನು ನೋಡಿದ್ದು ಅದೊಂದೇ ಸಲ.

ಕರಾವಳಿ_ಕ್ಯಾಚರ್ · 2 ಅಕ್ಟೋಬರ್

ಗಾಬರಿ ಅಂತ ಒಪ್ಪಲ್ಲ. 2010ರಲ್ಲೂ ಹಾಗೇ ಒಬ್ಬೊಬ್ಬರನ್ನು ಬದಲಾಯಿಸಿದರು, ಗೆದ್ದರು, ಜಾಣ ಅಂದಿರಿ. 2016ರಲ್ಲಿ ಅದೇ ಮಾಡಿದರು, ಸೋತರು, ಗಾಬರಿ ಅಂತೀರಿ.

ಅಂಕಿ_ಲೆಕ್ಕ · 2 ಅಕ್ಟೋಬರ್

ಒಳ್ಳೇ ಪಿಚರ್ ಇದ್ದಾಗ ಬದಲಾಯಿಸೋದು ಬೇರೆ, ಇಲ್ಲದಿದ್ದಾಗ ಬದಲಾಯಿಸೋದು ಬೇರೆ ಸಾರ್. ಇದು ನನ್ನ ಅಭಿಪ್ರಾಯ, ಬದಲಾಗಲ್ಲ.

ಗಾರ್ಲಿಕ್_ಫ್ರೈಸ್ · 2 ಅಕ್ಟೋಬರ್

ಯಾರಿಗಾದರೂ ಗೊತ್ತಾ, ಮುಂದಿನ ವರ್ಷ ಪಾರ್ಕ್‌ನಲ್ಲಿ ಮನೆ ಊಟದ ಡಬ್ಬಿ ಒಳಗೆ ಬಿಡುತ್ತಾರಾ? ಈ ಸಲ ಚಿತ್ರಾನ್ನ ತಗೊಂಡು ಹೋಗಿದ್ವಿ, ಏನೂ ಅನ್ನಲಿಲ್ಲ.

ಮಂಡ್ಯದ_ಮಗ · 2 ಅಕ್ಟೋಬರ್

ಬಿಡ್ತಾರೆ, ಗಾಜಿನ ಬಾಟಲಿ ಬೇಡ ಅಷ್ಟೇ. ಎಂಟನೇ ಇನಿಂಗ್ಸ್ ಆದ ಮೇಲೆ ಡಬ್ಬಿ ತೆಗೆಯಬೇಡಿ, ಸೀಗಲ್ ಹಕ್ಕಿಗಳು ಬಂದು ಕೂರುತ್ತವೆ. ಅವಕ್ಕೆ ಆಟ ಯಾವಾಗ ಮುಗಿಯುತ್ತೆ ಅಂತ ಗೊತ್ತು.

ಪದ್ಮಾ_ಫ್ರೀಮಾಂಟ್ · 2 ಅಕ್ಟೋಬರ್

ಊಟದ ಮಾತು ಇನ್ನೊಂದು ಕಡೆ ಆಡೋಣ. 2014ರ ಏಳನೇ ಪಂದ್ಯದ ಬಗ್ಗೆ ಯಾರಾದರೂ ಸರಿಯಾಗಿ ಬರೆಯಿರಿ, ಇಲ್ಲಿ ಹೊಸಬರೂ ಓದುತ್ತಿದ್ದಾರೆ.

ಕಿಂಗ್‌ಸ್ಟ್ರೀಟ್_ಕನ್ನಡಿಗ · 2 ಅಕ್ಟೋಬರ್

ನಾನು ಬರೆಯುತ್ತೇನೆ. 29 ಅಕ್ಟೋಬರ್ 2014, ಕ್ಯಾನ್ಸಸ್ ಸಿಟಿ. ಸರಣಿ 3-3 ಸಮ. ಪಿಚರ್ ಟಿಮ್ ಹಡ್ಸನ್, 39 ವರ್ಷ, ಜೀವಮಾನವೆಲ್ಲ ವರ್ಲ್ಡ್ ಸೀರೀಸ್‌ಗೆ ಕಾದವನು. ಎರಡನೇ ಇನಿಂಗ್ಸ್‌ನಲ್ಲೇ ಎರಡು ರನ್ ಹೋಯಿತು. ಬೋಚಿ ಕಾಯಲಿಲ್ಲ. ಅಷ್ಟು ಹಿರಿಯ ಆಟಗಾರನನ್ನು ಐದು ಔಟ್ ಆಗುತ್ತಿದ್ದ ಹಾಗೇ ತೆಗೆದರು. ಆಫೆಲ್ಟ್ ಬಂದ, ನಾಲ್ಕನೇ ಇನಿಂಗ್ಸ್‌ವರೆಗೆ ಬಾಗಿಲು ಹಾಕಿದ. ಐದನೆಯದಕ್ಕೆ ಬುಲ್‌ಪೆನ್ ಬಾಗಿಲು ತೆಗೆದು ಬಮ್‌ಗಾರ್ನರ್ ಬಂದ. ಮೂರು ದಿನದ ಹಿಂದೆ 117 ಚೆಂಡು ಎಸೆದು ಇಡೀ ಪಂದ್ಯ ಮುಗಿಸಿದ್ದವನು! ಎರಡು ಇನಿಂಗ್ಸ್ ಹಾಕಿಸಬಹುದು ಅಂದುಕೊಂಡೆವು. ಐದೂ ಹಾಕಿದ. 68 ಚೆಂಡು, ಸೊನ್ನೆ ರನ್. 3-2.

ಕೊನೆಯಲ್ಲಿ ಅಲೆಕ್ಸ್ ಗಾರ್ಡನ್ ಹೊಡೆದ ಚೆಂಡು ಹೊರಮೈದಾನದಲ್ಲಿ ಕೈತಪ್ಪಿ ಗೋಡೆವರೆಗೆ ಉರುಳಿತು, ಅವನು ಮೂರನೇ ಬೇಸ್‌ವರೆಗೆ ಬಂದ. ಎರಡು ಔಟ್ ಆಗಿತ್ತು. ಯಾವ ಮ್ಯಾನೇಜರ್ ಆದರೂ ಆಗ ಬುಲ್‌ಪೆನ್ ಕಡೆ ನೋಡುತ್ತಿದ್ದರು. ಬೋಚಿ ಡಗ್‌ಔಟ್ ಬಿಟ್ಟು ಏಳಲಿಲ್ಲ. ಸಾಲ್ವಡಾರ್ ಪೆರೆಜ್ ಮೇಲಕ್ಕೆ ಎತ್ತಿದ, ಸ್ಯಾಂಡವಲ್ ಹಿಡಿದು ಮಲಗಿಬಿಟ್ಟ.

ಅಂಕಿ_ಲೆಕ್ಕ · 2 ಅಕ್ಟೋಬರ್

ಒಂದು ಸಣ್ಣ ಸೇರಿಸೋಣ. ಗೆಲುವು ಮೊದಲು ಬಮ್‌ಗಾರ್ನರ್ ಹೆಸರಿಗೆ ಬರೆದಿದ್ದರು. ಆಮೇಲೆ ಅದನ್ನು ಆಫೆಲ್ಟ್‌ಗೆ ಬದಲಾಯಿಸಿ ಬಮ್‌ಗಾರ್ನರ್‌ಗೆ ಸೇವ್ (ಮುನ್ನಡೆ ಕಾಪಾಡಿ ಆಟ ಮುಗಿಸಿದ ಲೆಕ್ಕ) ಕೊಟ್ಟರು. ಅದೇ ಸರಿ.

ಅದೇ ವರ್ಷದ ಇನ್ನೊಂದು: ಟ್ರಾವಿಸ್ ಇಶಿಕಾವಾ ಫಸ್ಟ್ ಬೇಸ್ ಆಟಗಾರ. ಲೆಫ್ಟ್ ಫೀಲ್ಡ್‌ನಲ್ಲಿ ಆಡಿ ಅಭ್ಯಾಸವೇ ಇಲ್ಲ. ಬೋಚಿ ಅವನನ್ನು ಪ್ಲೇಆಫ್‌ನಲ್ಲಿ ಅಲ್ಲಿ ನಿಲ್ಲಿಸಿದರು. ಕಾರ್ಡಿನಲ್ಸ್ ವಿರುದ್ಧ ಐದನೇ ಪಂದ್ಯ, ಒಂಬತ್ತನೇ ಇನಿಂಗ್ಸ್, ಮೂರು ರನ್ನಿನ ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆದು ಟೀಮನ್ನು ವರ್ಲ್ಡ್ ಸೀರೀಸ್‌ಗೆ ಕಳಿಸಿದವನು ಅವನೇ.

ಸಾಗರದ_ಸ್ಲೈಡರ್ · 2 ಅಕ್ಟೋಬರ್

ಮೈದಾನದ ಹೊರಗಿನ ಒಂದು ಕೆಲಸವೂ ಸೇರಿಸಿ. 2011ರ ಮೇನಲ್ಲಿ ಹೋಮ್ ಪ್ಲೇಟ್ ಹತ್ತಿರ ಓಟಗಾರ ಗುದ್ದಿ ನಮ್ಮ ಕ್ಯಾಚರ್ ಪೋಸಿ ಕಾಲು ಮುರಿಯಿತು, ಸೀಸನ್ ಪೂರ್ತಿ ಹೋಯಿತು. ಕ್ಯಾಚರ್‌ಗಳನ್ನು ಕಾಪಾಡೋ ನಿಯಮ ಬೇಕು ಅಂತ ಬೋಚಿ ಅವತ್ತಿನಿಂದ ಹಟ ಹಿಡಿದರು. 2014ರಲ್ಲಿ ನಿಯಮ ಬಂತು. ಇವತ್ತು ಆಡೋ ಪ್ರತಿ ಕ್ಯಾಚರ್‌ಗೂ ಅದರ ಲಾಭ ಇದೆ.

ಅಂಕಿ_ಲೆಕ್ಕ · 3 ಅಕ್ಟೋಬರ್ 2019

ಕೊನೆಗೆ ನನ್ನ ತೀರ್ಪು. 2019ರವರೆಗೆ 2000 ಗೆಲುವು ದಾಟಿದ ಮ್ಯಾನೇಜರ್‌ಗಳು ಬೋಚಿ ಸೇರಿ 11 ಜನ. ಇದೇ ಸೆಪ್ಟೆಂಬರ್ 18ಕ್ಕೆ ಬಾಸ್ಟನ್‌ನಲ್ಲಿ ಅವರು ಆ ಗೆರೆ ಮುಟ್ಟಿದರು. ಉಳಿದ 10 ಜನವೂ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಸೋಲು ಜಾಸ್ತಿ ಇರೋದು ಅಡ್ಡಿ ಅಲ್ಲ, ಆ ಪಟ್ಟಿಯ ಕಾನಿ ಮ್ಯಾಕ್‌ಗೂ ಗೆಲುವಿಗಿಂತ ಸೋಲೇ ಜಾಸ್ತಿ. 162 ಪಂದ್ಯದ ಸೀಸನ್ ಟೀಮಿನ ಬಲ ತೋರಿಸುತ್ತೆ. ಅಕ್ಟೋಬರ್‌ನ ಆ ಹತ್ತಿಪ್ಪತ್ತು ಪಂದ್ಯದಲ್ಲಿ ಮ್ಯಾನೇಜರ್ ಕೈ ಕಾಣುತ್ತೆ. ಅಲ್ಲಿ ಬೋಚಿ ಸಾಟಿಯಿಲ್ಲದವರು.

ಡಾಡ್ಜರ್ಸ್_ನಾಡು · 3 ಅಕ್ಟೋಬರ್

ಹಾಲ್ ಆಫ್ ಫೇಮ್‌ಗೆ ನನ್ನ ತಕರಾರಿಲ್ಲ. ಆಟಗಾರರಿಲ್ಲದೆ ಮ್ಯಾನೇಜರ್ ಇಲ್ಲ ಅನ್ನೋದು ನನ್ನ ಮಾತು. ಬೇರೆ ಟೀಮ್ ಕೊಟ್ಟು ಇನ್ನೊಂದು ಕಪ್ ಗೆದ್ದು ತೋರಿಸಿದ್ದರೆ ಒಪ್ಪುತ್ತಿದ್ದೆ.

ಡಲ್ಲಾಸ್_ಡೊಳ್ಳು · 2 ನವೆಂಬರ್ 2023

ನಾಲ್ಕು ವರ್ಷ ಹಳೇ ಚರ್ಚೆ ಮೇಲಕ್ಕೆ ಎತ್ತುತ್ತಿದ್ದೇನೆ, ಕ್ಷಮಿಸಿ. @ಡಾಡ್ಜರ್ಸ್_ನಾಡು ಅವರೇ, ಎಲ್ಲಿದ್ದೀರಿ?

ನಿನ್ನೆ ರಾತ್ರಿ ಫೀನಿಕ್ಸ್‌ನಲ್ಲಿ 5-0. ಟೆಕ್ಸಾಸ್ ರೇಂಜರ್ಸ್ ಇತಿಹಾಸದಲ್ಲೇ ಮೊದಲ ಕಪ್. ಮ್ಯಾನೇಜರ್ ಬ್ರೂಸ್ ಬೋಚಿ.

ನಮ್ಮ ಪಾಡು ನಿಮಗೆ ಗೊತ್ತಿಲ್ಲ. 2010ರಲ್ಲಿ ಇದೇ ಬೋಚಿ, ಇದೇ ಜೈಂಟ್ಸ್, ನಮ್ಮನ್ನು 4-1ರಲ್ಲಿ ಮುಗಿಸಿದರು. ಎಡ್ಗರ್ ರೆಂಟೆರಿಯಾ ಕ್ಲಿಫ್ ಲೀಗೆ ಹೊಡೆದ ಹೋಮ್ ರನ್ ನೋಡಿ ಊಟ ಬಿಟ್ಟಿದ್ದೆ. 2011ರಲ್ಲಿ ಕಾರ್ಡಿನಲ್ಸ್ ಎದುರು ಒಂದೇ ಪಂದ್ಯದಲ್ಲಿ ಎರಡು ಸಲ ಕಪ್‌ಗೆ ಒಂದೇ ಒಂದು ಸ್ಟ್ರೈಕ್ (ಒಂದು ಒಳ್ಳೇ ಎಸೆತ) ದೂರ ನಿಂತು ಸೋತೆವು. 2022ರಲ್ಲಿ 68-94. ನಮ್ಮ ಜನರಲ್ ಮ್ಯಾನೇಜರ್ ಕ್ರಿಸ್ ಯಂಗ್, 2006ರಲ್ಲಿ ಸ್ಯಾನ್ ಡಿಯೇಗೋದಲ್ಲಿ ಬೋಚಿ ಕೈಕೆಳಗೆ ಪಿಚರ್ ಆಗಿದ್ದವರು. ಮನೆಯಲ್ಲಿ ಕೂತಿದ್ದ ಹಳೇ ಯಜಮಾನರನ್ನು ಅವರು ಕರೆತಂದರು. ಮೊದಲ ವರ್ಷದಲ್ಲೇ ಕಪ್. ಪ್ಲೇಆಫ್‌ನಲ್ಲಿ ಹೊರಗಿನ ಊರಲ್ಲಿ ಆಡಿದ 11 ಪಂದ್ಯ, 11 ಗೆಲುವು! ನಮ್ಮ ಬೀದಿಯಲ್ಲಿ ಕನ್ನಡದವರೆಲ್ಲ ಸೇರಿ ರಾತ್ರಿ ಹೋಳಿಗೆ ಹಂಚಿದ್ದೇವೆ.

ಮಂಡ್ಯದ_ಮಗ · 2 ನವೆಂಬರ್ 2023

ಎದೆ ತುಂಬಿ ಬಂತು ಗುರು. ಟೀಮ್ ನಮ್ಮದಲ್ಲದಿದ್ದರೂ ಬೋಚಿ ನಮ್ಮವರೇ. ಆಗಸ್ಟ್‌ನಲ್ಲಿ ರೇಂಜರ್ಸ್ ಓರೇಕಲ್ ಪಾರ್ಕ್‌ಗೆ ಬಂದಾಗ ನಾವೆಲ್ಲ ಎದ್ದು ಚಪ್ಪಾಳೆ ತಟ್ಟಿದ್ದೆವು.

ಡಾಡ್ಜರ್ಸ್_ನಾಡು · 2 ನವೆಂಬರ್ 2023

ಇಲ್ಲೇ ಇದ್ದೇನೆ. ಅಭಿನಂದನೆ, ಮನಸಾರೆ. ಆದರೆ ವಾದ ಬಿಡಲ್ಲ. ಕೋರಿ ಸೀಗರ್‌ಗೆ 32.5 ಕೋಟಿ, ಮಾರ್ಕಸ್ ಸೆಮಿಯನ್‌ಗೆ 17.5 ಕೋಟಿ ಡಾಲರ್. ವರ್ಲ್ಡ್ ಸೀರೀಸ್ ಎಂವಿಪಿ (ಸರಣಿಯ ಶ್ರೇಷ್ಠ ಆಟಗಾರ) ಯಾರು? ಸೀಗರ್. ನಮ್ಮಿಂದ ಹೋದವನು! ಇನ್ನೊಂದು, ಬೋಚಿ ಹೋದ ಮೇಲೆ 2021ರಲ್ಲಿ ಜೈಂಟ್ಸ್ 107 ಪಂದ್ಯ ಗೆದ್ದರು. ಹಾಗಾದರೆ ಮ್ಯಾನೇಜರ್ ಬದಲಾದರೆ ಏನಾಯಿತು?

ಅಂಕಿ_ಲೆಕ್ಕ · 2 ನವೆಂಬರ್ 2023

107 ಗೆದ್ದು ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ನಿಮಗೆ ಸೋತರು ಸಾರ್. ನಾನು 2019ರಲ್ಲಿ ಬರೆದದ್ದು ಇದನ್ನೇ.

ಸಾಗರದ_ಸ್ಲೈಡರ್ · 3 ನವೆಂಬರ್ 2023

ದುಡ್ಡಿನ ವಾದ ಒಪ್ಪೋಣ. ಆದರೆ ಈ ರೇಂಜರ್ಸ್‌ನ ದೊಡ್ಡ ದೌರ್ಬಲ್ಯ ಏನಿತ್ತು? ಬುಲ್‌ಪೆನ್. ವರ್ಷವಿಡೀ ಗೆದ್ದ ಪಂದ್ಯ ಕೈಬಿಟ್ಟರು. ಹೂಸ್ಟನ್ ಎದುರು ಐದನೇ ಪಂದ್ಯದಲ್ಲಿ ಹೊಸೆ ಲೆಕ್ಲೆರ್ಕ್‌ಗೆ ಹೊಸೆ ಅಲ್ಟೂವೆ ಒಂಬತ್ತನೇ ಇನಿಂಗ್ಸ್‌ನಲ್ಲಿ ಮೂರು ರನ್ನಿನ ಹೋಮ್ ರನ್ ಹೊಡೆದು ಸೋಲಿಸಿದ. ಯಾರಿಗಾದರೂ ಅವನ ಮೇಲೆ ನಂಬಿಕೆ ಹೋಗುತ್ತಿತ್ತು. ಬೋಚಿ ಮುಂದಿನ ಪಂದ್ಯದಲ್ಲೇ, ಬೇಸ್ ತುಂಬಿ ನಿಂತ ಎಂಟನೇ ಇನಿಂಗ್ಸ್‌ನಲ್ಲಿ, ಮತ್ತೆ ಅವನನ್ನೇ ನಂಬಿದರು. ಅವನು ಪಾರು ಮಾಡಿದ. ಕೊನೆಯ ರಾತ್ರಿ ಜಾಷ್ ಸ್ಬೋರ್ಜ್ ಕೈಲಿ ಎರಡು ಇನಿಂಗ್ಸ್‌ಗೂ ಮೇಲೆ ಹಾಕಿಸಿ ಮುಗಿಸಿದರು. ಜಿಟೋಗೆ ಮಾಡಿದ್ದನ್ನೇ ಹೊಸ ಹುಡುಗರಿಗೆ ಮಾಡಿದರು. ಇದು ದುಡ್ಡಿಗೆ ಬರಲ್ಲ.

ಡಾಡ್ಜರ್ಸ್_ನಾಡು · 3 ನವೆಂಬರ್ 2023

ಲೆಕ್ಲೆರ್ಕ್ ವಿಷಯ ಒಪ್ಪಿದೆ. ನಾನಾಗಿದ್ದರೆ ಕರೆಯುತ್ತಿರಲಿಲ್ಲ.

ಪದ್ಮಾ_ಫ್ರೀಮಾಂಟ್ · 3 ನವೆಂಬರ್ 2023

ನಮ್ಮತ್ತೆ ಊರಿಂದ ಫೋನ್ ಮಾಡಿದ್ದರು. ಮಗಳು ವಿಡಿಯೋ ಕಳಿಸಿದ್ದಳಂತೆ. "ಯಜಮಾನರು ಟೋಪಿ ಬಣ್ಣ ಬದಲಾಯಿಸಿದ್ದಾರೆ, ನಡಿಗೆ ಅದೇ" ಅಂದರು.

ಗಾರ್ಲಿಕ್_ಫ್ರೈಸ್ · 3 ನವೆಂಬರ್ 2023

ಟೋಪಿ ಅಂದಿದ್ದಕ್ಕೆ ಕೇಳುತ್ತೇನೆ, ಹಾಲ್ ಆಫ್ ಫೇಮ್ ಫಲಕದಲ್ಲಿ ಯಾವ ಟೀಮಿನ ಟೋಪಿ ಹಾಕುತ್ತಾರೆ?

ಕಿಂಗ್‌ಸ್ಟ್ರೀಟ್_ಕನ್ನಡಿಗ · 3 ನವೆಂಬರ್ 2023

ಜೈಂಟ್ಸ್. ಮೂರು ಕಪ್. ಮಾತೇ ಬೇಡ.

ಡಲ್ಲಾಸ್_ಡೊಳ್ಳು · 3 ನವೆಂಬರ್ 2023

ಇನ್ನೂ ಆಡಿಸುತ್ತಿದ್ದಾರೆ ಅಣ್ಣ, ಅವಸರ ಯಾಕೆ? ಮುಂದಿನ ವರ್ಷವೂ ನಮ್ಮಲ್ಲೇ ಇರುತ್ತಾರೆ.

ಹಳೇ_ಪಡ್ರೇ · 3 ನವೆಂಬರ್ 2023

12 ವರ್ಷ ಅವರನ್ನು ಬೆಳೆಸಿದ ಊರನ್ನು ಯಾರೂ ಲೆಕ್ಕಕ್ಕೇ ಇಡುತ್ತಿಲ್ಲ. ಅದು ಹೋಗಲಿ, ಜೈಂಟ್ಸ್‌ನವರು ಕಳೆದ ವಾರ ಮತ್ತೆ ನಮ್ಮ ಮ್ಯಾನೇಜರ್ ಬಾಬ್ ಮೆಲ್ವಿನ್ ಅವರನ್ನೇ ಎತ್ತಿಕೊಂಡು ಹೋದರಲ್ಲ. 2006ರಲ್ಲೂ ಹೀಗೇ ಮಾಡಿದಿರಿ. ಒಪ್ಪಂದ ಮುಗಿಯೋ ಮುಂಚೆ ಬಿಟ್ಟುಕೊಡೋ ಚಾಳಿ ನಮ್ಮವರಿಗೆ ಯಾವಾಗ ಹೋಗುತ್ತೋ. ಮೆಲ್ವಿನ್ ಬಗ್ಗೆ ಬೇರೆ ಚರ್ಚೆ ಶುರು ಮಾಡುತ್ತೇನೆ, ಎಲ್ಲರೂ ಅಲ್ಲಿಗೆ ಬನ್ನಿ.